ಭಟ್ಕಳದ ಬುಲ್‌ಡಾಗ್ ಮತ್ತು ನಮ್ಮನೆ ಕರಿಯ

ನಮ್ಮನೆ ಕರಿಯನಿಗೆ ಮಳೆಗಾಲದಲ್ಲಿ ನನ್ನ ಗುರುತು ಸಿಗುವುದಿಲ್ಲ. ಆರು ವರ್ಷದಿಂದ ನನ್ನ ಕೈಯಿಂದಲೇ ಅನ್ನ ತಿನ್ನುವ ಪ್ರಾಣಿ. ಆದರೆ ನಾನು ರೇನ್‌ಕೋಟ್ ಹಾಕಿಕೊಂಡು ದಣಪೆ ದಾಟಿದೆನೋ, ಕಳ್ಳನೇ ಬಂದ ಅನ್ನುವ ಹಾಗೆ ಬೊಗಳುತ್ತಾನೆ. ಟೊಪ್ಪಿ ಸರಿಸಿ "ನಾನೋ ಮಾರಾಯ" ಅಂದ ಮೇಲೆ ಮೂತಿ ತಗ್ಗುತ್ತದೆ. ಬೊಗಳಿದ್ದು ನಿನಗಲ್ಲ, ನಿನ್ನ ಹಿಂದಿದ್ದ ತೆಂಗಿನ ಮರಕ್ಕೆ ಎನ್ನುವಂತೆ ಆಚೆ ಹೋಗಿ ಇನ್ನೆರಡು ಸಲ ಬೊಗಳಿ ಮರ್ಯಾದೆ ಉಳಿಸಿಕೊಳ್ಳುತ್ತಾನೆ. ಅಪ್ಪಯ್ಯನ ಕಾಲದ ನಾಯಿಗಳು ಕಂಬಳಿ ಕೊಪ್ಪೆ ಕಂಡರೆ ಹೀಗೇ ಮಾಡುತ್ತಿದ್ದವಂತೆ. ಕೊಪ್ಪೆ ಹೋಗಿ ರೇನ್‌ಕೋಟ್ ಬಂತು, ನಾಯಿಯ ಅಭಿಪ್ರಾಯ ಬದಲಾಗಲಿಲ್ಲ.

ಕರಿಯನ ಬೇರೆ ಗುಣಗಳೂ ಇವೆ. ರಾತ್ರಿ ಮಲಗುವುದು ಬಚ್ಚಲೊಲೆಯ ಬೂದಿಯಲ್ಲಿ. ಬೆಳಿಗ್ಗೆ ಎದ್ದು ಬಂದರೆ ಕರಿಯ ಹೋಗಿ ಬಿಳಿಯ ಆಗಿರುತ್ತಾನೆ. ಸಂಜೆ ದೇವಸ್ಥಾನದಲ್ಲಿ ಶಂಖ ಊದಿದರೆ ಇವನು ಅಂಗಳದ ನಡುವೆ ಕೂತು ಕತ್ತು ಮೇಲೆತ್ತಿ ಊಳಿಡುತ್ತಾನೆ. ಭಟ್ಟರು ನಿಲ್ಲಿಸಿದ ಮೇಲೂ ಒಂದು ಸುತ್ತು ಹೆಚ್ಚು. ಮೀನಿನವನ ಸ್ಕೂಟರಿನ ಹಾರ್ನ್ ನಮಗಿಂತ ಮೊದಲು ಇವನಿಗೆ ಕೇಳಿಸುತ್ತದೆ. ನಮ್ಮದು ಮೀನು ತಿನ್ನದ ಮನೆ. ಹಾಗಾಗಿ ಆ ಹೊತ್ತಿಗೆ ಇವನು ಪಕ್ಕದ ಗೌಡರ ಮನೆಯ ನಾಯಿ. ಅಲ್ಲಿ ಊಟ ಮುಗಿಸಿ, ಮೂತಿ ನೆಕ್ಕಿಕೊಳ್ಳುತ್ತ ಬಂದು, ನಮ್ಮ ಜಗುಲಿಯ ಮೇಲೆ ಶುದ್ಧ ಸಸ್ಯಾಹಾರಿಯ ಮುಖ ಮಾಡಿಕೊಂಡು ಮಲಗುತ್ತಾನೆ. ಮನೆಗೆ ಬಂದವರನ್ನು ಬಸ್ ಸ್ಟಾಪಿನವರೆಗೆ ಬಿಟ್ಟು ಬರುವುದು ಇನ್ನೊಂದು ಕೆಲಸ. ಅದನ್ನು ಅವನಿಗೆ ಯಾರೂ ಹೇಳಿಕೊಟ್ಟಿಲ್ಲ.

ಯಾರೂ ಹೇಳಿಕೊಡದ ಈ ಗುಣಗಳು ನಾಯಿಗೆ ಎಲ್ಲಿಂದ ಬರುತ್ತವೆ ಅಂತ ಯೋಚಿಸುವಾಗೆಲ್ಲ ನನಗೆ ಒಂದು ಹಳೇ ಕಥೆ ನೆನಪಾಗುತ್ತದೆ. ಹೈಸ್ಕೂಲಿನಲ್ಲಿ ನಮ್ಮ ಸಮಾಜ ಮೇಷ್ಟ್ರು ಹೇಳಿದ್ದು. ಒಂದು ನಾಯಿ ಒಂದು ಆಕಳನ್ನು ಕೊಂದಿತು, ಅದಕ್ಕೆ ಹದಿನೆಂಟು ಜನ ಇಂಗ್ಲಿಷರು ಸತ್ತರು ಅಂತ. ಎಲ್ಲಿ ಸಾರ್ ಅಂದರೆ "ಇಲ್ಲೇ ಹೊನ್ನಾವರದಲ್ಲಿ" ಅಂದಿದ್ದರು. ನಾವು ಬಂದರಿನ ಹತ್ತಿರ ಹೋಗಿ ಹುಡುಕಿಯೂ ಹುಡುಕಿದೆವು. ಆಮೇಲೆ ಓದುವಾಗ ಗೊತ್ತಾಯಿತು, ಕಥೆ ಹೊನ್ನಾವರದ್ದಲ್ಲ, ಭಟ್ಕಳದ್ದು. ಮೇಷ್ಟ್ರಿಗೆ ಊರಿನ ಅಭಿಮಾನ ಸ್ವಲ್ಪ ಜಾಸ್ತಿ ಇತ್ತು, ಅಷ್ಟೆ.

ಈ ಕಥೆಯನ್ನು ಬರೆದಿಟ್ಟವನು ಅಲೆಕ್ಸಾಂಡರ್ ಹ್ಯಾಮಿಲ್ಟನ್ ಎಂಬ ಸ್ಕಾಟ್ಲೆಂಡಿನ ಹಡಗಿನ ಕಪ್ತಾನ. 1688ರ ಸುಮಾರಿಗೆ ಈ ಕಡೆ ಬಂದು, ಮೂವತ್ತಕ್ಕೂ ಹೆಚ್ಚು ವರ್ಷ ಪೂರ್ವದ ಬಂದರುಗಳಲ್ಲೆಲ್ಲ ವ್ಯಾಪಾರ ಮಾಡಿ, ಊರಿಗೆ ಮರಳಿ, 1727ರಲ್ಲಿ ಎಡಿನ್‌ಬರೋದಲ್ಲಿ ಪುಸ್ತಕ ಅಚ್ಚು ಹಾಕಿಸಿದ. ಅದರಲ್ಲಿ ಭಟ್ಕಳದ ವಿಷಯ ಬರುವಲ್ಲಿ ಕೆಲವೇ ಸಾಲುಗಳಲ್ಲಿ ಇದಿಷ್ಟು ಇದೆ. ಭಟ್ಕಳದಲ್ಲಿ 1670ರ ತನಕ ಇಂಗ್ಲಿಷರ ಕೋಠಿ ಇತ್ತು. ಸರಕು ತುಂಬಲು ಬಂದ ಒಂದು ಹಡಗಿನಲ್ಲಿ ಇಂಗ್ಲಿಷ್ ಬುಲ್‌ಡಾಗ್ ಇತ್ತು. ಕೋಠಿಯ ಮುಖ್ಯಸ್ಥ ಕಪ್ತಾನನನ್ನು ಕಾಡಿ ಬೇಡಿ ಅದನ್ನು ಇಸಿದುಕೊಂಡ. ಹಡಗು ಹೋಯಿತು. ಒಂದು ದಿನ ಕೋಠಿಯ ಹದಿನೆಂಟೂ ಮಂದಿ ಬೇಟೆಗೆ ಹೊರಟರು, ನಾಯಿಯೂ ಜೊತೆಗೆ. ಪೇಟೆಯ ನಡುವೆ ಹಾಯುವಾಗ ನಾಯಿ ದೇವಸ್ಥಾನಕ್ಕೆ ಬಿಟ್ಟಿದ್ದ ಆಕಳಿಗೆ ಬಾಯಿ ಹಾಕಿ ಕೊಂದುಬಿಟ್ಟಿತು. ಅರ್ಚಕರು ಜನರನ್ನು ಎಬ್ಬಿಸಿದರು, ಜನ ಕೋಠಿಯವರನ್ನೆಲ್ಲ ಕೊಂದರು. ಇಂಗ್ಲಿಷರಿಗೆ ಬೇಕಾದವರು ಊರಲ್ಲಿ ಕೆಲವರಿದ್ದರು. ಅವರು ದೊಡ್ಡ ಗುಂಡಿ ತೋಡಿ ಎಲ್ಲರನ್ನೂ ಒಂದೇ ಕಡೆ ಹೂಳಿದರು. ಆಮೇಲೆ ಕಾರವಾರ ಕೋಠಿಯ ಮುಖ್ಯಸ್ಥ ಗೋರಿಗೆ ಒಂದು ಕಲ್ಲು ಕೆತ್ತಿಸಿ ಕಳಿಸಿದ. ಕಲ್ಲಿನಲ್ಲಿ ಜಾನ್ ಬೆಸ್ಟ್ ಎಂಬವನ ಹೆಸರು, ಜೊತೆಗೆ ಇನ್ನು ಹದಿನೇಳು ಇಂಗ್ಲಿಷರು, ಹುಚ್ಚು ಪುರೋಹಿತರಿಗೂ ರೊಚ್ಚಿಗೆದ್ದ ಗುಂಪಿಗೂ ಬಲಿಯಾದರು ಎಂಬರ್ಥದ ಮಾತು.

ಹುಚ್ಚು ಎನ್ನುವ ಮಾತು ಅಲ್ಲಿ ನಾಯಿಗೆ ಬಿದ್ದಿಲ್ಲ, ಗಮನಿಸಿ. 

ಇಂಗ್ಲಿಷರು ಭಟ್ಕಳಕ್ಕೆ ಏಕೆ ಬಂದರು ಅಂತ ಕೇಳಿದರೆ ಒಂದೇ ಮಾತು, ಕಾಳುಮೆಣಸು. ಭಟ್ಕಳ ಆಗಲೇ ಹಳೇ ಬಂದರು. ವಿಜಯನಗರಕ್ಕೆ ಅರಬ್ಬೀ ಕುದುರೆಗಳು ಇಳಿಯುತ್ತಿದ್ದ ಜಾಗಗಳಲ್ಲಿ ಇದೂ ಒಂದು. ನವಾಯತ ವ್ಯಾಪಾರಿಗಳು, ಜೈನ ಅರಸು ಮನೆತನಗಳು, ಕೊಂಕಣಿ ವರ್ತಕರು ಎಲ್ಲ ಇದ್ದ ಊರು. ಖೇತಪೈ ಕಟ್ಟಿಸಿದ ನಾರಾಯಣ ದೇವಸ್ಥಾನ, ಜಟ್ಟಪ್ಪ ನಾಯಕನ ಬಸದಿ ಇವತ್ತಿಗೂ ನಿಂತಿವೆ. ಹಡಗಿನಿಂದ ಪ್ರಾಣಿ ಇಳಿಯುವುದು ಅಲ್ಲಿನವರಿಗೆ ಹೊಸ ನೋಟವೇನೂ ಆಗಿರಲಿಲ್ಲ. ಇಳಿಯುತ್ತಿದ್ದದ್ದು ಕುದುರೆ, ಅಷ್ಟೇ ವ್ಯತ್ಯಾಸ.

1637ರಲ್ಲಿ ಸರ್ ವಿಲಿಯಂ ಕೋರ್ಟೀನನ ಕಂಪನಿಯ ಹಡಗುಗಳು ಕಪ್ತಾನ ವೆಡೆಲ್ ಜೊತೆ ಭಟ್ಕಳಕ್ಕೆ ಬಂದವು. ಈಸ್ಟ್ ಇಂಡಿಯಾ ಕಂಪನಿಗೆ ಸಡ್ಡು ಹೊಡೆಯಲು ಹುಟ್ಟಿದ ಬೇರೆ ಕಂಪನಿ ಇದು. ಆ ಹಡಗಿನಲ್ಲಿ ಬಂದ ಪೀಟರ್ ಮಂಡಿ ಎಂಬ ಪುಣ್ಯಾತ್ಮ ಕಂಡದ್ದೆಲ್ಲವನ್ನೂ ಬರೆದಿಡುವವನು. ಘಟ್ಟ ಹತ್ತಿ ಇಕ್ಕೇರಿಗೆ ಹೋಗಿ ವೀರಭದ್ರ ನಾಯಕನನ್ನು ಕಂಡ ನಿಯೋಗದಲ್ಲಿ ಅವನಿದ್ದ. ಮೆಣಸಿನ ವ್ಯಾಪಾರಕ್ಕೆ ಒಪ್ಪಿಗೆ ಸಿಕ್ಕಿತು. ಕೆಳಗೆ ಭಟ್ಕಳದಲ್ಲಿ ಉಳಿದವರ ಗತಿ ಬೇರೆ. ಜಾರ್ಜ್ ವೈ, ಆಂಟನಿ ವರ್ನ್‌ವರ್ದಿ ಎಂಬ ಇಬ್ಬರು ವ್ಯಾಪಾರಿಗಳು, ವಿಲಿಯಂ ಬಾರ್ಟನ್ ಎಂಬ ಶಸ್ತ್ರವೈದ್ಯ, ಈ ಮೂವರ ಗೋರಿಕಲ್ಲುಗಳು ಭಟ್ಕಳದಲ್ಲಿ ದಾಖಲಾಗಿವೆ. ಎಲ್ಲ 1637-38ರವು. ವೈದ್ಯನೇ ಉಳಿಯದ ಮೇಲೆ ಉಳಿದವರ ಕಥೆ ಏನು ಹೇಳುವುದು! ಇವರನ್ನು ಕೊಂದದ್ದು ನಾಯಿಯೂ ಅಲ್ಲ, ಜನರೂ ಅಲ್ಲ. ನಮ್ಮ ಕರಾವಳಿಯ ಹವೆಯೇ ಇರಬೇಕು.

1670ರ ಹೊತ್ತಿಗೆ ಘಟ್ಟದ ಮೇಲೆ ಆಳುತ್ತಿದ್ದವನು ಕೆಳದಿಯ ಸೋಮಶೇಖರ ನಾಯಕ. ಒಂದೆರಡು ವರ್ಷದಲ್ಲಿ ಚೆನ್ನಮ್ಮಾಜಿ ಪಟ್ಟಕ್ಕೆ ಬಂದಳು. ಭಟ್ಕಳ, ಹೊನ್ನಾವರ, ಮಿರ್ಜಾನದ ಕಡೆಯ ಮೆಣಸೆಲ್ಲ ಅವರ ಕೈಯಲ್ಲಿ. ಅರಸರಿಗೆ ಇಂಗ್ಲಿಷರು ಬೇಕಿತ್ತು, ಪೋರ್ಚುಗೀಸರು ಒಬ್ಬರೇ ಇದ್ದರೆ ಬೆಲೆ ಸಿಗುವುದಿಲ್ಲವಲ್ಲ.

ಈಗ ನಾಯಿಗೆ ಬರೋಣ. ಬುಲ್‌ಡಾಗ್ ಅಂದರೆ ಇವತ್ತು ನಮಗೆ ಕಣ್ಣ ಮುಂದೆ ಬರುವುದು ಜಜ್ಜಿದ ಮೂಗಿನ, ಜೋತುಬಿದ್ದ ಕೆನ್ನೆಯ, ನಾಲ್ಕು ಹೆಜ್ಜೆಗೆ ಏದುಸಿರು ಬಿಡುವ ಪ್ರಾಣಿ. ಅದನ್ನು ಏಪ್ರಿಲ್ ತಿಂಗಳಲ್ಲಿ ಕುಮಟಾ ಪೇಟೆಯಲ್ಲಿ ನಡೆಸಿದರೆ ಅದೇ ಸತ್ತುಹೋದೀತು, ಆಕಳ ಮಾತು ದೂರ. ಹದಿನೇಳನೇ ಶತಮಾನದ ಬುಲ್‌ಡಾಗ್ ಹಾಗಿರಲಿಲ್ಲ. ಕಾಲು ಎತ್ತರ, ಮೈ ಗಟ್ಟಿ, ಚುರುಕು ಹೆಚ್ಚು. ಅದರ ಹೆಸರಿನಲ್ಲೇ ಅದರ ಕಸುಬು ಇದೆ. ಬುಲ್ ಅಂದರೆ ಹೋರಿ. ಇಂಗ್ಲೆಂಡಿನ ಪೇಟೆಗಳಲ್ಲಿ ಹೋರಿಯನ್ನು ಗೂಟಕ್ಕೆ ಕಟ್ಟಿ ಅದರ ಮೇಲೆ ನಾಯಿ ಬಿಡುವ ಆಟ ಇತ್ತು. ನಾಯಿ ನೆಲಕ್ಕೆ ಹೊಟ್ಟೆ ತಾಗಿಸಿ, ಕೊಂಬಿನ ಕೆಳಗೆ ನುಸುಳಿ, ಹೋರಿಯ ಮೂಗು ಹಿಡಿಯಬೇಕು. ಹಿಡಿದರೆ ಬಿಡಬಾರದು. ಹೋರಿ ಎತ್ತಿ ಕುಕ್ಕಿದರೂ, ಗಾಳಿಗೆ ಎಸೆದರೂ ಬಿಡಬಾರದು. ಬಿಡದ ನಾಯಿಯ ಮರಿಗಳಿಗೆ ಬೆಲೆ, ಬಿಟ್ಟ ನಾಯಿಯ ಸಂತತಿ ಅಲ್ಲಿಗೆ ಮುಗಿಯಿತು. ಹೀಗೆ ತಲೆಮಾರುಗಟ್ಟಲೆ ಆರಿಸಿ ಆರಿಸಿ ಬೆಳೆಸಿದ ಗುಣ ಅದು. ನಾಯಿ ಕಚ್ಚಿ ಕಾಡಿಸಿದ ಹೋರಿಯ ಮಾಂಸ ಮೆತ್ತಗಿರುತ್ತದೆ ಅಂತ ನಂಬಿಕೆ. ಕೆಲವು ಊರುಗಳಲ್ಲಿ ಹಾಗೆ ಮಾಡದೆ ಹೋರಿಯ ಮಾಂಸ ಮಾರಿದರೆ ಕಸಾಯಿಯವನಿಗೆ ದಂಡ ಬೀಳುತ್ತಿತ್ತು. ಈ ಆಟವನ್ನು ಬ್ರಿಟನ್ನಿನಲ್ಲಿ ಕಾನೂನು ಮಾಡಿ ನಿಲ್ಲಿಸಿದ್ದು 1835ರಲ್ಲಿ.

ಅಂಥದ್ದೊಂದು ನಾಯಿ ತಿಂಗಳುಗಟ್ಟಲೆ ಹಡಗಿನಲ್ಲಿ ಕಟ್ಟಿಸಿಕೊಂಡು ಬಂದು ಭಟ್ಕಳದಲ್ಲಿ ಇಳಿಯಿತು. ಇಳಿದ ಊರಿನಲ್ಲಿ ದನ ಬೀದಿಯಲ್ಲಿ ಮಲಗುತ್ತದೆ.

ಇಂಗ್ಲಿಷರಿಗೆ ನಾಯಿ ಬರೇ ಕಾವಲಿಗೆ ಅಲ್ಲ, ಕಾಣಿಕೆ ಕೊಡುವ ವಸ್ತುವೂ ಹೌದು. ಜಹಾಂಗೀರ್ ಬಾದಶಹನ ಆಸ್ಥಾನಕ್ಕೆ 1615ರಲ್ಲಿ ಬಂದ ರಾಯಭಾರಿ ಸರ್ ಥಾಮಸ್ ರೋ ಜೊತೆಗಿದ್ದ ಪಾದ್ರಿ ಎಡ್ವರ್ಡ್ ಟೆರ್ರಿ ಇದನ್ನು ಬರೆದಿದ್ದಾನೆ. ಇಂಗ್ಲೆಂಡಿನಿಂದ ಕಳಿಸಿದ ಮ್ಯಾಸ್ಟಿಫ್ ನಾಯಿಗಳಲ್ಲಿ ಬದುಕಿ ಬಂದದ್ದು ಎರಡೇ. ಅದರಲ್ಲೊಂದು ದಾರಿಯಲ್ಲಿ ಆನೆಯ ಸೊಂಡಿಲಿಗೆ ಜೋತುಬಿದ್ದಿತ್ತಂತೆ. ಬಾದಶಹನಿಗೆ ಖುಷಿಯೋ ಖುಷಿ. ಒಂದೊಂದು ನಾಯಿಗೆ ನಾಲ್ಕು ನಾಲ್ಕು ಆಳು, ಇಬ್ಬರು ಪಲ್ಲಕ್ಕಿಯಲ್ಲಿ ಹೊತ್ತು ತಿರುಗಿಸಲು, ಇಬ್ಬರು ನೊಣ ಓಡಿಸಲು. ತನ್ನ ಕೈಯಾರೆ ತಿನ್ನಿಸಲು ಬೆಳ್ಳಿಯ ಇಕ್ಕಳ ಮಾಡಿಸಿದ. ಆನೆಯ ಸೊಂಡಿಲು ಹಿಡಿದ ನಾಯಿಗೆ ಪಲ್ಲಕ್ಕಿ, ಆಕಳಿಗೆ ಬಾಯಿ ಹಾಕಿದ ನಾಯಿಯಿಂದ ಹದಿನೆಂಟು ಹೆಣ. ನಾಯಿ ಮಾಡಿದ್ದು ಎರಡೂ ಕಡೆ ಒಂದೇ ಕೆಲಸ.

ದೇವರಿಗೆ ಬಿಟ್ಟ ದನ ಅಂದರೆ ಏನು ಅಂತ ಈಗಿನ ಹುಡುಗರಿಗೆ ಹೇಳಬೇಕಾಗಬಹುದು. ಹರಕೆ ಹೊತ್ತವರು ಕರುವನ್ನೋ ಹೋರಿಯನ್ನೋ ದೇವಸ್ಥಾನಕ್ಕೆ ಬಿಡುತ್ತಾರೆ. ಆಮೇಲೆ ಅದಕ್ಕೆ ಹಗ್ಗ ಇಲ್ಲ, ಯಜಮಾನ ಇಲ್ಲ, ಇಡೀ ಊರೇ ಕೊಟ್ಟಿಗೆ. ಗೋಕರ್ಣದ ರಥಬೀದಿಯಲ್ಲಿ ಅಡ್ಡಾಡಿದವರಿಗೆ ಇಂಥ ಬೀಡಾಡಿ ದನಗಳ ಗತ್ತು ಗೊತ್ತು. ಅಂಗಡಿಯ ಬಾಳೆಗೊನೆಗೆ ಬಾಯಿ ಹಾಕುತ್ತವೆ, "ಹೈಟ್" ಅಂದರೂ ಕದಲುವುದಿಲ್ಲ. ಊರ ನಾಯಿ ಬೊಗಳಿದರೆ ಕಿವಿ ಅಲ್ಲಾಡಿಸುತ್ತವೆ, ಅಷ್ಟೆ. ನಮ್ಮ ಕಡೆಯ ನಾಯಿ ದನದ ಕೊಟ್ಟಿಗೆಯಲ್ಲೇ ಕಣ್ಣು ಬಿಡುವುದು, ಹುಲ್ಲಿನ ಮೇಲೆ ಬೆಳೆಯುವುದು. ಬೇಟೆಗೆ ಹೋಗುವ ನಾಯಿಗಳೂ ಕಾಡುಹಂದಿಗೆ ಬೀಳುತ್ತವೆಯೇ ಹೊರತು ದನದ ಗೊಡವೆಗೆ ಹೋಗುವುದಿಲ್ಲ. ಹಾಗಾಗಿ ಆ ಭಟ್ಕಳದ ಆಕಳು ಬುಲ್‌ಡಾಗನ್ನು ಕಂಡು ಓಡಿರಲಾರದು. ಓಡುವುದು ಅದಕ್ಕೆ ಅಭ್ಯಾಸವೇ ಇಲ್ಲ.

ಇಲ್ಲಿ ನನ್ನದೊಂದು ಊಹೆ ಇದೆ. ಮೂಗು ಹಿಡಿದ ನಾಯಿಯಿಂದ ಆಕಳು ಕ್ಷಣದಲ್ಲಿ ಸಾಯುವುದಿಲ್ಲ. ಹೊತ್ತು ಹಿಡಿಯುತ್ತದೆ. ಹಿಡಿದ ಬುಲ್‌ಡಾಗಿನ ಬಾಯಿ ಬಿಡಿಸಲು ಕೋಲು ತುರುಕಿ ಮೀಟಬೇಕು. ಅಂದರೆ ಆ ಹದಿನೆಂಟು ಜನ ಪೇಟೆಯ ನಡುವೆ, ಬೇಟೆಯ ಬಂದೂಕು ಹೆಗಲಿಗೆ ಹಾಕಿಕೊಂಡು, ಅರಚುವ ಆಕಳ ಸುತ್ತ ನಿಂತು ನಾಯಿಯ ಬಾಯಿ ಬಿಡಿಸಲು ಒದ್ದಾಡಿರಬೇಕು. ಅಷ್ಟರಲ್ಲಿ ಅಂಗಡಿಯವರು ಬಂದರು, ದೇವಸ್ಥಾನದವರು ಬಂದರು. ದೂರದಿಂದ ನೋಡಿದವರಿಗೆ ಹದಿನೆಂಟು ಪರದೇಶಿಗಳು ಸೇರಿ ದೇವರ ಆಕಳನ್ನು ನಾಯಿಯಿಂದ ಕೊಲ್ಲಿಸುತ್ತಿರುವ ಹಾಗೆ ಕಂಡಿದ್ದರೆ ಆಶ್ಚರ್ಯ ಇಲ್ಲ. ಅಥವಾ ಅವರು ಬಿಡಿಸಲೇ ಇಲ್ಲವೋ, ನಿಂತು ನಕ್ಕರೋ. ಹ್ಯಾಮಿಲ್ಟನ್ ಅದನ್ನು ಹೇಳುವುದಿಲ್ಲ.

ಅವನ ಮಾತನ್ನು ಪೂರ್ತಿ ನಂಬಬೇಕೋ ಎಂಬುದು ಬೇರೆ ಪ್ರಶ್ನೆ. 1670ರಲ್ಲಿ ಅವನು ಇಲ್ಲಿರಲಿಲ್ಲ. ಬಂದದ್ದೇ ಹದಿನೆಂಟು ವರ್ಷ ಬಿಟ್ಟು, ಬರೆದದ್ದು ಐವತ್ತೇಳು ವರ್ಷ ಬಿಟ್ಟು. ಬಂದರಿನ ಹೆಂಡದಂಗಡಿಯಲ್ಲಿ ಕಪ್ತಾನರು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದ ಕಥೆ ಇದಾಗಿರಬಹುದು. ಮೆಣಸು ಕೊಳ್ಳುವ ಒಂದು ಸಣ್ಣ ಕೋಠಿಯಲ್ಲಿ ಹದಿನೆಂಟು ಇಂಗ್ಲಿಷರು ಅನ್ನುವುದು ನನಗೆ ಸ್ವಲ್ಪ ದೊಡ್ಡ ಲೆಕ್ಕವಾಗಿಯೇ ಕಾಣುತ್ತದೆ. ಕೋಠಿಯಲ್ಲಿ ಒಬ್ಬ ಮುಖ್ಯಸ್ಥ, ಇಬ್ಬರು ಮೂವರು ಗುಮಾಸ್ತರು, ಉಳಿದವರು ಊರಿನ ದುಭಾಷಿ, ಆಳುಕಾಳು. ಇಷ್ಟಿದ್ದರೆ ಮೆಣಸು ತೂಗಲು ಸಾಕು.

ಆದರೆ ಕಥೆಯನ್ನು ಪೂರಾ ತಳ್ಳಿಹಾಕಲೂ ಮನಸ್ಸು ಬರುವುದಿಲ್ಲ. ಅದಕ್ಕೆ ಕಾರಣ ಕಾರವಾರ. 1684ರಲ್ಲಿ ಇಂಗ್ಲಿಷರ ಒಂದು ಸಣ್ಣ ಹಡಗಿನ ಖಲಾಸಿಗಳು ಕಾರವಾರದಲ್ಲಿ ಆಕಳೊಂದನ್ನು ಕದ್ದು ಕೊಂದರು, ಅಷ್ಟಕ್ಕೇ ಅಲ್ಲಿಯ ಕೋಠಿ ಎದ್ದುಹೋಗುವ ಹಂತಕ್ಕೆ ಬಂದಿತ್ತು. ಅಂಥ ನೆಲದಲ್ಲಿ ಭಟ್ಕಳದ ಕಥೆ ನಡೆಯಲಾರದ್ದೇನಲ್ಲ. ಕಡಿಮೆ ಜನ ಸತ್ತಿರಬಹುದು, ಕಥೆ ಬೆಳೆದಿರಬಹುದು.

ನಿಜ ಹೇಳಬೇಕೆಂದರೆ ಈ ಕಥೆಯನ್ನು ಬರೆಯಲು ನಾನು ತುಂಬ ದಿನ ಹಿಂದೆ ಮುಂದೆ ನೋಡಿದೆ. ಭಟ್ಕಳದ ಹೆಸರೂ ಆಕಳ ಹೆಸರೂ ಒಂದೇ ವಾಕ್ಯದಲ್ಲಿ ಬಂದರೆ ಇವತ್ತು ಜನ ಮುಂದಿನದನ್ನು ಓದುವುದೇ ಇಲ್ಲ, ಅವರವರಿಗೆ ಬೇಕಾದ್ದನ್ನು ತಾವೇ ಬರೆದುಕೊಂಡುಬಿಡುತ್ತಾರೆ. ಹ್ಯಾಮಿಲ್ಟನ್ ಹೇಳುವ ಪ್ರಕಾರ ಆ ಕಲ್ಲು ಮಾಡಿದ್ದೂ ಅದನ್ನೇ. ಊರಿಗೂರೇ ಹುಚ್ಚು ಅಂತ ಒಂದು ಸಾಲಿನಲ್ಲಿ ತೀರ್ಮಾನ ಕೊಟ್ಟು ಮುಗಿಸಿತು. ಆದರೆ ಅದೇ ಕಥೆಯ ಮಧ್ಯದಲ್ಲಿ ಒಂದು ಸಣ್ಣ ಮಾತು ಉಳಿದುಕೊಂಡಿದೆ, ಊರಿನ ಕೆಲವರು ಗುಂಡಿ ತೋಡಿ ಹೂಳಿದರು ಅಂತ. ಆ ಕೆಲವರು ಯಾರು? ಯಾವ ಜಾತಿ, ಯಾವ ಕೇರಿ? ಕೊಂದವರ ಕಣ್ಣೆದುರಿಗೇ ಹೆಣ ಎತ್ತಿ ಹೂಳಲು ಎಷ್ಟು ಧೈರ್ಯ ಬೇಕು? ಅವರ ಹೆಸರಂತೂ ಕಲ್ಲಿಗೆ ಏರಲಿಲ್ಲ. ಅದನ್ನು ಓದಿದಾಗ ನನಗೆ ಪಕ್ಕದ ಮನೆ ಗೌಡರು ನೆನಪಾದರು.

ನಾನಾಗ ಏಳನೇ ಕ್ಲಾಸು. ಸೋದರಮಾವ ಬೆಳಗಾವಿಯಿಂದ ಅಲ್ಸೇಷನ್ ಕೂಡಿದ ಒಂದು ಮರಿ ತಂದುಕೊಟ್ಟಿದ್ದ. ಟೈಗರ್ ಅಂತ ಹೆಸರಿಟ್ಟೆವು. ನಾನೇ ಮಾವನಿಗೆ ಕಾಗದ ಬರೆದು ಬೇಡಿದ್ದು, ಅದಕ್ಕೇ ಕೋಠಿಯ ಮುಖ್ಯಸ್ಥ ನಾಯಿ ಬೇಡಿದ್ದನ್ನು ಓದಿದಾಗ ನನಗೆ ಒಂಥರಾ ಆಯಿತು. ಟೈಗರನಿಗೆ ವಿಚಿತ್ರ ಚಾಳಿ. ಅಂಗಳದಲ್ಲಿ ನಾವು ಹುಡುಗರು ಆಡುತ್ತಿದ್ದರೆ ಸುತ್ತು ಹಾಕಿ ಹಾಕಿ ನಮ್ಮನ್ನೆಲ್ಲ ಒಂದು ಮೂಲೆಗೆ ಸೇರಿಸುತ್ತಿದ್ದ. ಒಬ್ಬ ತಪ್ಪಿಸಿಕೊಂಡರೆ ಹಿಮ್ಮಡಿಗೆ ಮೆಲ್ಲಗೆ ಬಾಯಿ ಹಾಕಿ ವಾಪಸು ತರುತ್ತಿದ್ದ. ಕೋಳಿಗಳನ್ನೂ ಹಾಗೇ ಗುಂಪು ಮಾಡುತ್ತಿದ್ದ. ನೆಂಟರು ಬಂದರೆ ಇದೇ ನಮಗೆ ಸರ್ಕಸ್. ಅದು ಜರ್ಮನಿಯಲ್ಲಿ ಕುರಿ ಕಾಯಲು ಬೆಳೆಸಿದ ಜಾತಿ, ನಾಯಿಗೆ ಕುರಿ ಬೇಕು, ಹೊನ್ನಾವರದ ತೋಟದಲ್ಲಿ ಕುರಿ ಇಲ್ಲ ಅಂತ ನಮಗೆ ಯಾರು ಹೇಳಬೇಕು?

ಒಂದು ಬೆಳಿಗ್ಗೆ ಗೌಡರ ಮನೆಯ ಕರು ಬೇಲಿ ದಾಟಿ ಬಂತು. ಟೈಗರ್ ಸುತ್ತು ಹಾಕಿದ. ಕರು ಹೆದರಿ ಓಡಿತು. ಓಡಿದ್ದಕ್ಕೆ ಇವನು ಹಿಮ್ಮಡಿಗೆ ಬಾಯಿ ಹಾಕಿದ. ಆಚೆ ಚಿರೇಕಲ್ಲು ತೆಗೆದ ಹೊಂಡ ಇತ್ತು, ಕರು ಅದಕ್ಕೆ ಬಿತ್ತು. ದನದ ಡಾಕ್ಟ್ರು ಬಂದು ನೋಡಿ ತಲೆ ಅಲ್ಲಾಡಿಸಿದರು. ಮೂರನೇ ದಿನ ಸತ್ತುಹೋಯಿತು. ಕರು ಇಲ್ಲದೆ ಆಕಳು ಸೊರ ಬಿಡಲಿಲ್ಲ. ಗೌಡರ ಮನೆಗೆ ಆ ಹಾಲೇ ವಾರದ ಸಂತೆಯ ದುಡ್ಡು.

ಗೌಡರು ಅಂಗಳದಲ್ಲಿ ನಿಂತು ಹೇಳಿದ್ದು ಎರಡೇ ಮಾತು. "ಹೆಗಡೇರೇ, ನಾಯಿ ನಿಮ್ದು, ಕರ ನಮ್ದು. ಎಂತ ಮಾಡೂದು ನೀವೇ ಹೇಳಿ." ಅಪ್ಪಯ್ಯ ಏನೂ ಹೇಳಲಿಲ್ಲ. ನಾಯಿಗೆ ಎಂತ ಗೊತ್ತು ಅಂತ ನಾನು ಬಾಯಿ ಹಾಕಲು ಹೋದೆ. "ಸುಮ್ನಿರು ತಮಾ. ಅದ್ಕೆ ಗೊತ್ತಿಲ್ಲೆ, ನಂಗಕ್ಕಿಗೆ ಗೊತ್ತಿರಕಾಗಿತ್ತು" ಅಂದ. ಸಂಜೆ ನಮ್ಮ ಕೊಟ್ಟಿಗೆಯಲ್ಲಿ ಕರು ಹಾಕಲು ತಯಾರಾಗಿದ್ದ ಮಣಕವನ್ನು ಹಗ್ಗ ಹಿಡಿದು ತಾನೇ ಗೌಡರ ಮನೆಗೆ ಹೊಡೆದುಕೊಂಡು ಹೋದ. ಆಯಿ ಎರಡು ದಿನ ಮಾತಾಡಲಿಲ್ಲ, ಅದು ಅವಳು ಸಾಕಿದ್ದು. ಮಣಕ ಕೊಟ್ಟ ಮೇಲೂ ಗೌಡರ ಮನೆಯವರು ಆ ಮಳೆಗಾಲ ಮುಗಿಯುವ ತನಕ ನಮ್ಮ ಬಾವಿ ಕಡೆ ಬರಲಿಲ್ಲ. ಗದ್ದೆ ನೆಟ್ಟಿಗೂ ಬರಲಿಲ್ಲ. ಟೈಗರನ ಕೊರಳಿಗೆ ಸರಪಳಿ ಬಿತ್ತು, ಅವನು ಉಳಿದ ನಾಲ್ಕು ವರ್ಷ ಅಡಕೆ ಅಟ್ಟದ ಕಂಬಕ್ಕೆ ಸುತ್ತು ಹಾಕುತ್ತಲೇ ಕಳೆದ. ಕಂಬದ ಸುತ್ತ ನೆಲ ಗುಂಡಗೆ ಸವೆದುಹೋಗಿತ್ತು.

ಟೈಗರ್ ಹಾವು ಕಚ್ಚಿ ಸತ್ತ ದಿನ ಅಪ್ಪಯ್ಯ ಊರಲ್ಲಿ ಇರಲಿಲ್ಲ. ನಾನು ಗುದ್ದಲಿ ಹಿಡಿದು ಗೇರುಮರದ ಬುಡದಲ್ಲಿ ಒದ್ದಾಡುತ್ತಿದ್ದೆ. ಚಿರೇಕಲ್ಲಿನ ನೆಲ, ಗೇಣು ಇಳಿಯಲಿಲ್ಲ. ಗೌಡರು ಪಿಕಾಸಿ ತಗೊಂಡು ಬೇಲಿ ದಾಟಿ ಬಂದರು. ಏನೂ ಮಾತಾಡದೆ ಸೊಂಟದಾಳ ತೋಡಿದರು. "ನರಿ ಎಳೀತದೆ, ಮೇಲೆ ಕಲ್ಲು ಇಡು" ಅಂದು ಹೋದರು.

ಈಗ ಆ ಬುಲ್‌ಡಾಗಿನ ಮಾತು. ಹದಿನೆಂಟು ಮನುಷ್ಯರ ಸಾವಿನ ಕಥೆಯಲ್ಲಿ ಅದು ಏನಾಯಿತು ಅಂತ ಹ್ಯಾಮಿಲ್ಟನ್ ಹೇಳುವುದೇ ಇಲ್ಲ. ಅದರ ಹೆಸರೂ ಇಲ್ಲ. ಇಂಗ್ಲಿಷರು ನಾಯಿಗೆ ಹೆಸರಿಡದೆ ಇರುವವರಲ್ಲ. ನಮ್ಮ ಕಡೆಯ ಅರ್ಧ ನಾಯಿಗಳಿಗೆ ಟಾಮಿ, ಜಿಮ್ಮಿ ಅಂತ ಹೆಸರು ಬಂದದ್ದೇ ಅವರ ಕಾಲದಿಂದ.

ಕನ್ನಡ ನಾಡಿನಲ್ಲಿ ನಾಯಿಯ ಹೆಸರನ್ನು ಕಲ್ಲಿನಲ್ಲಿ ಕೆತ್ತಿದ್ದು ಇದಕ್ಕಿಂತ ಏಳುನೂರು ವರ್ಷ ಹಿಂದೆ. ಮಂಡ್ಯ ಜಿಲ್ಲೆಯ ಆತಕೂರು ಶಾಸನ, ಶಕ 872, ಅಂದರೆ ಕ್ರಿ.ಶ. 949-50. ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟ ಮೂರನೇ ಕೃಷ್ಣನ ಪರವಾಗಿ ಗಂಗ ಬೂತುಗ ಚೋಳ ರಾಜಾದಿತ್ಯನನ್ನು ಕೊಂದ. ಬೂತುಗನ ಭಂಟ ಮಣಲೆರ ಆ ಯುದ್ಧದಲ್ಲಿ ಪರಾಕ್ರಮ ತೋರಿಸಿದ. ಮೆಚ್ಚಿದ ಅರಸ ಏನು ಬೇಕೋ ಕೇಳು ಅಂದಾಗ ಅವನು ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ. ಅರಸನ ನಾಯಿ ಕಾಳಿಯನ್ನು ಕೇಳಿದ. ಆಮೇಲೆ ಬೆಳತೂರಿನ ಗುಡ್ಡದಲ್ಲಿ ಕಾಳಿಯನ್ನು ದೊಡ್ಡ ಹಂದಿಯ ಮೇಲೆ ಬಿಟ್ಟರು. ನಾಯಿಯೂ ಹಂದಿಯೂ ಒಟ್ಟಿಗೆ ಸತ್ತವು. ಆತಕೂರಿನ ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿ ಬಿಟ್ಟರು. ಗುಡಿಯನ್ನು ನೋಡಿಕೊಳ್ಳುವ ಗೊರವ ಆ ಕಲ್ಲಿಗೆ ಪೂಜೆ ಮಾಡದೆ ಉಂಡರೆ ಪಾಪ ಅವನಿಗೆ ಅಂತಲೂ ಬರೆಸಿದರು. ಕಲ್ಲು ಈಗ ಬೆಂಗಳೂರಿನ ಕಸ್ತೂರ್ಬಾ ರಸ್ತೆಯ ಸರ್ಕಾರಿ ಮ್ಯೂಸಿಯಮ್ಮಿನಲ್ಲಿದೆ. ಮೇಲ್ಭಾಗದಲ್ಲಿ ನಾಯಿ ಹಂದಿಗೆ ಬಿದ್ದ ಚಿತ್ರ ಇದೆ, ಹೋದರೆ ನೋಡಿ.

ಅದೂ ಬೇಡಿ ಪಡೆದ ನಾಯಿ, ಇದೂ ಬೇಡಿ ಪಡೆದ ನಾಯಿ. ಕಾಳಿಗೆ ಎದುರಾದದ್ದು ಹಂದಿ, ಇದಕ್ಕೆ ಎದುರಾದದ್ದು ದೇವರ ಆಕಳು.

ಹೋದ ಚಳಿಗಾಲದಲ್ಲಿ ಭಟ್ಕಳಕ್ಕೆ ಹೋಗಿದ್ದೆ. ಬೇರೆ ಕೆಲಸ ಇತ್ತು, ಮುಗಿಸಿ ಅರ್ಧ ದಿನ ಆ ಹದಿನೆಂಟು ಜನರ ಕಲ್ಲು ಹುಡುಕಿದೆ. ಕೇಳಿದವರಿಗೆಲ್ಲ ವಿಷಯ ಹೇಳಬೇಕಾಯಿತು. ಒಬ್ಬ ಅಜ್ಜ, ತಲೆಗೆ ಬಿಳಿ ಟೊಪ್ಪಿ, ಅಂ‌ಗಡಿ ಕಟ್ಟೆಯ ಮೇಲೆ ಕೂತು ಪೂರ್ತಿ ಕೇಳಿ, "ಆ ನಾಯಿನ ಊಟಕ್ಕೆ ಮುಂಚೆ ಕರ್ಕೊಂಡು ಹೊರಟಿದ್ರಾ, ಊಟ ಆದ್ಮೇಲಾ?" ಅಂದರು. ಮುನ್ನೂರೈವತ್ತು ವರ್ಷದಲ್ಲಿ ಯಾರೂ ಕೇಳದ ಪ್ರಶ್ನೆ. ಕಲ್ಲು ಸಿಗಲಿಲ್ಲ. ಶರಾಬಿ ಹೊಳೆಯ ಕಡೆ ಸ್ವಲ್ಪ ಹೊತ್ತು ಅಡ್ಡಾಡಿ, ಚಾ ಕುಡಿದು ಬಸ್ ಹತ್ತಿದೆ. ಕೋಠಿ ಎದ್ದುಹೋದ ಮೇಲೂ ಇಂಗ್ಲಿಷರು ಭಟ್ಕಳಕ್ಕೆ ಮೆಣಸು ಕೊಳ್ಳಲು ಬರುತ್ತಲೇ ಇದ್ದರು ಅಂತ ಹ್ಯಾಮಿಲ್ಟನ್ ಕೊನೆಯಲ್ಲಿ ಬರೆಯುತ್ತಾನೆ. ಮತ್ತೆ ನಾಯಿ ತಂದರೋ ಇಲ್ಲವೋ.

ಗೌಡರು ಈಗಿಲ್ಲ, ಅವರ ಮಗ ಇದ್ದಾನೆ. ಅಪ್ಪಯ್ಯ ಕೊಟ್ಟ ಮಣಕದ ಪೀಳಿಗೆ ಇನ್ನೂ ಅವರ ಕೊಟ್ಟಿಗೆಯಲ್ಲಿದೆ. ದೀಪಾವಳಿಯ ದಿನ ಗೋಪೂಜೆ ಮುಗಿಸಿ, ಅಡಕೆ ಸರ, ಹೂವಿನ ಸರ ಕಟ್ಟಿ ಎರಡೂ ಮನೆಯ ದನ ಒಟ್ಟಿಗೆ ಬಿಡುತ್ತೇವೆ. ದನ ಬಿಡುವ ಮೊದಲು ನಾಯಿ ಕಟ್ಟಬೇಕು ಎನ್ನುವುದು ಟೈಗರನ ಕಾಲದಿಂದ ನಮ್ಮನೆಯ ಕಾನೂನು. ಕರಿಯ ದನದ ಬಾಲ ಮೂಸುವುದು ಬಿಟ್ಟರೆ ಬೇರೆ ಏನೂ ಮಾಡುವವನಲ್ಲ, ಆದರೂ ಅಪ್ಪಯ್ಯ ಕೇಳುವುದಿಲ್ಲ. ಈ ಸಲವೂ "ನಾಯಿ ಕಟ್ಟಿದ್ಯನಾ?" ಅಂತ ಎರಡು ಸಲ ಕೂಗಿದ. ಹಗ್ಗ ಹಿಡಿದು ಹುಡುಕಿದರೆ ಕರಿಯ ಎಲ್ಲೂ ಇಲ್ಲ. ಗೌಡರ ಮೊಮ್ಮಗ ಬೆಳಿಗ್ಗೆಯೇ ಒಂದು ಪಟಾಕಿ ಹೊಡೆದಿದ್ದ. ಇವನು ಆಗಲೇ ಬಚ್ಚಲೊಲೆ ಸೇರಿ ಬೂದಿಯಲ್ಲಿ ಮೂತಿ ಹೂತುಕೊಂಡಿದ್ದ, ಬಾಲ ಮಾತ್ರ ಹೊರಗೆ.